ಒಂದು ಕಾಯಿಲೆಯ ಬೆನ್ನಿಗೆ ಇನ್ನೊಂದು: ಪಾಲಕರಿಗೂ ಶಿಕ್ಷಕರಿಗೂ ಒಂದು ಮಾತು

(ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೊದಲಿಗೇ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಒಬ್ಬ ಮಾಸ್ತರ. ನೌಕರಿಯ ಬಹುಭಾಗ ಭಟ್ಕಳದಲ್ಲಿ ಕಳೆಯಿತು, ಮನೆ ಕುಮಟಾದಲ್ಲಿ, ಮಗಳನ್ನು ಕೊಟ್ಟದ್ದು ಹೊನ್ನಾವರಕ್ಕೆ. ಹಾಗಾಗಿ ಈ ಮೂರು ಊರುಗಳ ಮನೆಗಳೂ ಅಡುಗೆಮನೆಗಳೂ ಶಾಲೆಗಳೂ ನನಗೆ ಪರಿಚಿತ. ಮಕ್ಕಳ ಆರೋಗ್ಯದ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದಾಗ ನಾನು ಒಪ್ಪಿದ್ದು ತಿಳಿದವನೆಂಬ ಕಾರಣಕ್ಕಲ್ಲ. ತಪ್ಪಿದವನೆಂಬ ಕಾರಣಕ್ಕೆ. ಆ ತಪ್ಪು ನಿಮ್ಮಿಂದ ಆಗದಿರಲಿ ಎಂಬುದೊಂದೇ ನನ್ನ ಆಸೆ.

ನನ್ನ ಮೊಮ್ಮಗಳಿಗೆ ಆಗ ಏಳು ವರ್ಷ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ಮೂರ್ನಾಲ್ಕು ವರ್ಷವಾಗಿದ್ದ ಹುಡುಗಿ ಮತ್ತೆ ಒದ್ದೆ ಮಾಡತೊಡಗಿದಳು. ರಾತ್ರಿ ಎದ್ದು ಚೊಂಬು ಚೊಂಬು ನೀರು ಕುಡಿಯುತ್ತಿದ್ದಳು. ಚೆನ್ನಾಗಿ ಉಣ್ಣುತ್ತಿದ್ದರೂ ಮೈ ಇಳಿಯುತ್ತಿತ್ತು. ಹೊಟ್ಟೆಯಲ್ಲಿ ಜಂತುಹುಳ ಇರಬೇಕೆಂದು ನಾವು ಔಷಧಿ ಕೊಟ್ಟೆವು. ಒಂದು ದಿನ ವಾಂತಿ ಶುರುವಾಗಿ, ಉಸಿರು ಜೋರಾಗಿ, ಮಗು ಮಂಪರಿಗೆ ಹೋದಾಗ ಆಸ್ಪತ್ರೆಗೆ ಓಡಿದೆವು. ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು. ಅದು ಒಂದನೇ ವಿಧದ ಮಧುಮೇಹ, ಅಂದರೆ ಇನ್ಸುಲಿನ್ ಇಲ್ಲದೆ ಬದುಕಲಾಗದ ಸಕ್ಕರೆ ಕಾಯಿಲೆ. ದೇವರ ದಯೆ, ಮಗು ಉಳಿಯಿತು. ಚುಚ್ಚುಮದ್ದು ಕಲಿತೆವು, ಬೆರಳು ಚುಚ್ಚಿ ಸಕ್ಕರೆ ನೋಡುವುದನ್ನು ಕಲಿತೆವು. ಇನ್ನು ಎಲ್ಲ ತಿಳಿಯಿತು ಎಂದುಕೊಂಡೆವು.

ನಾನು ಇಂದು ಹೇಳಹೊರಟ ಕಥೆ ಶುರುವಾಗುವುದು ಅಲ್ಲಿಂದ.

ಎರಡು ಮೂರು ವರ್ಷ ಕಳೆಯಿತು. ಮೊಮ್ಮಗಳ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯತೊಡಗಿತು. ಊಟ ಅಷ್ಟೇ, ಇನ್ಸುಲಿನ್ ಅಷ್ಟೇ, ಆದರೂ ವಾರಕ್ಕೆ ಮೂರು ನಾಲ್ಕು ಬಾರಿ ಬೆವರು, ನಡುಕ, ಕಣ್ಣು ಕತ್ತಲೆ. ನಾನು ಗದರಿಸಿದೆ: 'ಡಬ್ಬಿಯ ಊಟ ಚೆಲ್ಲಿ ಬರುತ್ತೀಯಾ?' 'ಇಲ್ಲ ಅಜ್ಜಾ, ಪೂರ್ತಿ ಉಂಡಿದ್ದೇನೆ' ಎಂದಳು. ನಾನು ನಂಬಲಿಲ್ಲ. ಸಕ್ಕರೆ ಇಳಿದಾಗಲೆಲ್ಲ ನನ್ನ ಜೇಬಿನಲ್ಲಿದ್ದ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಕೊಡುತ್ತಿದ್ದೆ. ರಕ್ತ ಕಡಿಮೆ ಇದೆಯೆಂದು ಕಬ್ಬಿಣದ ಟಾನಿಕ್ಕು ವರ್ಷವಿಡೀ ಕೊಟ್ಟರೂ ರಕ್ತ ಏರಲಿಲ್ಲ. ತರಗತಿಯಲ್ಲಿ ಮಂಕಾಗಿ ಕೂರುತ್ತಾಳೆ ಎಂದು ದೂರು ಬಂತು. ಸಕ್ಕರೆ ಕಾಯಿಲೆಯ ಮಗುವಲ್ಲವೇ, ಹಾಗೇ ಇರುತ್ತದೆ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡೆವು.

ಕೊನೆಗೆ ಒಬ್ಬ ಮಕ್ಕಳ ವೈದ್ಯರು ಒಂದೇ ಪ್ರಶ್ನೆ ಕೇಳಿದರು: 'ಇವಳ ಎತ್ತರ ಎಲ್ಲಾದರೂ ಬರೆದಿಟ್ಟಿದ್ದೀರಾ?' ಮನೆಯಲ್ಲಿ ಬರೆದಿರಲಿಲ್ಲ. ಶಾಲೆಯ ಆರೋಗ್ಯ ಕಾರ್ಡಿನಲ್ಲಿ ಇತ್ತು. ತರಿಸಿ ನೋಡಿದರೆ, ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯಬೇಕಾದ ವಯಸ್ಸಿನಲ್ಲಿ ಎರಡು ವರ್ಷಕ್ಕೆ ಮೂರು ಸೆಂಟಿಮೀಟರ್ ಕೂಡ ಬೆಳೆದಿರಲಿಲ್ಲ. ಅಂಕಿ ಅಲ್ಲೇ ಇತ್ತು, ಕಪಾಟಿನೊಳಗೆ. ಅಂಥ ಕಾರ್ಡುಗಳನ್ನು ನಾನೂ ವರ್ಷ ವರ್ಷ ತುಂಬಿಸಿದವನು. ತುಂಬಿಸಿದೆನೇ ಹೊರತು ಹಿಂದಿನ ವರ್ಷದ ಅಂಕಿಯ ಪಕ್ಕ ಈ ವರ್ಷದ್ದನ್ನು ಇಟ್ಟು ನೋಡಿದವನಲ್ಲ.

ರಕ್ತ ಪರೀಕ್ಷೆ ಮಾಡಿಸಿದಾಗ ಎರಡು ವಿಷಯ ತಿಳಿಯಿತು. ಒಂದು, ಗೋಧಿಯ ಗ್ಲುಟೆನ್ ಎಂಬ ಅಂಶವನ್ನು ಕರುಳು ಸಹಿಸದ ಸೀಲಿಯಾಕ್ ಕಾಯಿಲೆ. ಇನ್ನೊಂದು, ಥೈರಾಯ್ಡ್ ಗ್ರಂಥಿ ಸೊರಗುತ್ತಿದೆ ಎಂಬುದು. ನನ್ನ ಜೇಬಿನ ಬಿಸ್ಕತ್ತೆಲ್ಲ ಮೈದಾ. ಔಷಧಿಯೆಂದು ನಾನು ಕೊಟ್ಟದ್ದೇ ಅವಳ ಕರುಳನ್ನು ಕೆಡಿಸುತ್ತಿತ್ತು.

ಕಾವಲುಗಾರನ ತಪ್ಪು

ಮೂರು ಕಾಯಿಲೆ ಒಂದೇ ಮಗುವಿಗೆ ಏಕೆ? ಯಾರ ಕಣ್ಣು ಬಿತ್ತು, ಯಾರ ಪಾಪ ಎಂದು ಕೇಳುವವರಿಗೆ ನಮ್ಮಲ್ಲಿ ಕಡಿಮೆಯಿಲ್ಲ. ನಾನು ಮಾಸ್ತರನ ರೀತಿಯಲ್ಲೇ ಹೇಳುತ್ತೇನೆ.

ಶಾಲೆಯ ಗೇಟಿನಲ್ಲಿ ಒಬ್ಬ ಕಾವಲುಗಾರ ಇರುತ್ತಾನೆ. ನಮ್ಮ ಮಕ್ಕಳು ಯಾರು, ಹೊರಗಿನವರು ಯಾರು ಎಂದು ಅವನಿಗೆ ಗುರುತು ಇರಬೇಕು. ದೇಹದಲ್ಲಿ ಈ ಕೆಲಸ ಮಾಡುವುದು ರಕ್ತದ ಬಿಳಿಕಣಗಳು. ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಟಿ ಕಣಗಳಿಗೆ ತರಬೇತಿ ಆಗುತ್ತದೆ. 'ಇದು ನಿನ್ನದೇ ದೇಹ, ಮುಟ್ಟಬೇಡ' ಎಂಬ ಪಾಠವನ್ನು ಕಲಿಯದ ಕಣಗಳನ್ನು ಅಲ್ಲೇ ತೆಗೆದುಹಾಕಲಾಗುತ್ತದೆ. ಕೆಲವು ತಪ್ಪಿಸಿಕೊಂಡು ಹೊರಬರುತ್ತವೆ. ಅವನ್ನು ಹತೋಟಿಯಲ್ಲಿಡಲು ಬೇರೆಯೇ ಒಂದು ಜಾತಿಯ ಟಿ ಕಣಗಳಿವೆ. ಈ ಹತೋಟಿಯ ಗುಟ್ಟನ್ನು ಬಿಡಿಸಿದ ಮೇರಿ ಬ್ರಂಕೋವ್, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಾಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ತರಬೇತಿಯೂ ಹತೋಟಿಯೂ ತಪ್ಪಿದಾಗ ಕಾವಲುಗಾರ ಮನೆಯವರನ್ನೇ ಹೊಡೆಯುತ್ತಾನೆ. ಇದನ್ನೇ ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕಣಗಳಿಗೆ ಪೆಟ್ಟು ಬಿದ್ದರೆ ಒಂದನೇ ವಿಧದ ಮಧುಮೇಹ. ಥೈರಾಯ್ಡಿಗೆ ಬಿದ್ದರೆ ಹಶಿಮೊಟೊ ಕಾಯಿಲೆ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗೆ ಬಿದ್ದರೆ ಅಡಿಸನ್ ಕಾಯಿಲೆ. ಚರ್ಮದ ಬಣ್ಣದ ಕಣಗಳಿಗೆ ಬಿದ್ದರೆ ತೊನ್ನು, ಕೂದಲಿನ ಬುಡಕ್ಕೆ ಬಿದ್ದರೆ ದುಂಡಗೆ ಕೂದಲು ಉದುರುವುದು, ಕೀಲುಗಳಿಗೆ ಬಿದ್ದರೆ ಮಕ್ಕಳ ಸಂಧಿವಾತ. ಸೀಲಿಯಾಕ್‌ನಲ್ಲಿ ಗೋಧಿಯ ನೆಪದಿಂದ ಕರುಳಿನ ಒಳಪದರಕ್ಕೆ ಪೆಟ್ಟು ಬೀಳುತ್ತದೆ.

ತಪ್ಪು ಇರುವುದು ಕಾವಲುಗಾರನಲ್ಲಿ, ಪೆಟ್ಟು ತಿಂದ ಕೋಣೆಯಲ್ಲಲ್ಲ. ಹಾಗಾಗಿ ಒಂದು ಕೋಣೆಗೆ ನುಗ್ಗಿದವನು ಇನ್ನೊಂದಕ್ಕೂ ನುಗ್ಗಬಹುದು. ಇದರಲ್ಲಿ ಹುಟ್ಟಿನಿಂದ ಬಂದ ಪಾಲೂ ಇದೆ. ಆರನೇ ವರ್ಣತಂತುವಿನ ಮೇಲಿರುವ ಎಚ್‌ಎಲ್‌ಎ ಎಂಬ ವಂಶವಾಹಿಗಳ ಕೆಲವು ಬಗೆಗಳು ಮಧುಮೇಹಕ್ಕೂ ಸೀಲಿಯಾಕ್‌ಗೂ ಸಮಾನವಾಗಿ ದಾರಿ ಮಾಡಿಕೊಡುತ್ತವೆ. ಅವು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಬಹುಪಾಲು ಜನರಿಗೆ ಬರುವುದೇ ಇಲ್ಲ. ಬಹಳ ಅಪರೂಪಕ್ಕೆ ಒಂದೇ ವಂಶವಾಹಿ ಕೆಟ್ಟು ಹಲವು ಗ್ರಂಥಿಗಳು ಒಟ್ಟಿಗೆ ಸೊರಗುವ ಕಾಯಿಲೆಗಳೂ ಇವೆ. ಅವುಗಳಲ್ಲಿ ಏಯರ್ ಎಂಬ ವಂಶವಾಹಿಯ ದೋಷದಿಂದ ಬರುವ ಕಾಯಿಲೆಗೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಇಂಥದ್ದರ ಸಾಧ್ಯತೆ ತುಸು ಹೆಚ್ಚು. ನಮ್ಮ ಕರಾವಳಿಯಲ್ಲಿ ಎಲ್ಲ ಸಮುದಾಯಗಳಿಗೂ ಅನ್ವಯಿಸುವ ಮಾತಿದು, ಯಾರನ್ನೂ ಬೆರಳು ತೋರಿಸಲು ಹೇಳಿದ್ದಲ್ಲ.

ಮಗು ಹೆಚ್ಚು ಮಿಠಾಯಿ ತಿಂದದ್ದರಿಂದ ಈ ಕಾಯಿಲೆ ಬಂದದ್ದಲ್ಲ. ತಾಯಿ ಬಸುರಿಯಲ್ಲಿ ಏನೋ ತಿಂದಳೆಂದು ಬಂದದ್ದೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತೊನ್ನು ಇರುವ ಮಗುವನ್ನು ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರಿಸುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯ.

ನಮ್ಮೂರಿನ ಲೆಕ್ಕ

ಇಂಥ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರು ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿ 1995ರಿಂದ ನಡೆದ ಕರ್ನಾಟಕ ಮಧುಮೇಹ ನೋಂದಣಿಯ ಪ್ರಕಾರ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು 4 ಮಂದಿಗೆ ಹೊಸದಾಗಿ ಒಂದನೇ ವಿಧದ ಮಧುಮೇಹ ಬರುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಜನಸಂಖ್ಯೆ 2011ರ ಜನಗಣತಿಯಲ್ಲಿ ಒಟ್ಟಿಗೆ ಸುಮಾರು 4.8 ಲಕ್ಷ. ಅದರಲ್ಲಿ ಮಕ್ಕಳು ಒಂದು ಲಕ್ಷಕ್ಕೂ ಹೆಚ್ಚು ಎಂದು ಹಿಡಿದರೆ, ಅದೇ ಲೆಕ್ಕದಲ್ಲಿ ನಮ್ಮ ಮೂರು ತಾಲೂಕುಗಳಲ್ಲಿ ವರ್ಷಕ್ಕೆ ನಾಲ್ಕೈದು ಹೊಸ ಮಕ್ಕಳು. ಹತ್ತು ವರ್ಷಕ್ಕೆ ಒಂದು ತರಗತಿ ತುಂಬುವಷ್ಟು.

ಈ ತರಗತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದನೇ ವಿಧದ ಮಧುಮೇಹವಿರುವ ಐವರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಥೈರಾಯ್ಡಿನ ಮೇಲೆ ದಾಳಿಯ ಗುರುತು ರಕ್ತದಲ್ಲಿ ಸಿಗುತ್ತದೆ. ಅವರಲ್ಲಿ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಆದರೆ ಕಣ್ಣಿಟ್ಟಿರಬೇಕು. ಜಗತ್ತಿನ ಬಹಳ ಕಡೆಗಳ ಅನುಭವದಂತೆ 20 ಮಕ್ಕಳಲ್ಲಿ ಒಬ್ಬರಿಗೆ ಸೀಲಿಯಾಕ್. ಅಡಿಸನ್ ಕಾಯಿಲೆ ತೀರಾ ವಿರಳ, ಆದರೆ ತಿಳಿಯದೆ ಹೋದರೆ ಪ್ರಾಣಕ್ಕೇ ಸಂಚಕಾರ. ಎರಡನೆಯದು ಬಾರದ ಮಕ್ಕಳೇ ಹೆಚ್ಚು ಎಂಬುದನ್ನೂ ಮರೆಯಬೇಡಿ. ನಾನು ಹೆದರಿಸಲು ಬಂದವನಲ್ಲ.

ಅನ್ನದ ಸೀಮೆಗೆ ಗೋಧಿ ಬಂದ ಬಗೆ

ಸೀಲಿಯಾಕ್ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಕಡೆ ಅದನ್ನು ಯಾರೂ ಊಹಿಸುವುದಿಲ್ಲ.

ಗೋಧಿಯೇ ಇದಕ್ಕೆ ಕಾರಣವೆಂದು ಜಗತ್ತಿಗೆ ತೋರಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ಆ ದೇಶದಲ್ಲಿ ಬ್ರೆಡ್ಡಿಗೆ ಬರ ಬಂತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಅವರ ಕಾಯಿಲೆಯೂ ಮರಳಿತು. ಡಿಕ್ಕೆ ಅವರಿಗೆ ಮೊದಲೇ ಇದ್ದ ಸಂಶಯ ಇದರಿಂದ ಬಲವಾಯಿತು. 1950ರಲ್ಲಿ ಅವರು ಅದನ್ನು ತಮ್ಮ ಪ್ರಬಂಧದಲ್ಲಿ ಮಂಡಿಸಿದರು.

ನಮ್ಮ ದೇಶದಲ್ಲಿ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಸೀಲಿಯಾಕ್ ಇದೆ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ. ದಾರಿ ಮಾಡಿಕೊಡುವ ವಂಶವಾಹಿ ದಕ್ಷಿಣದವರಲ್ಲೂ ಕಡಿಮೆಯೇನಿಲ್ಲ. ಕಡಿಮೆ ಇದ್ದದ್ದು ತಟ್ಟೆಯಲ್ಲಿನ ಗೋಧಿ. ನಮ್ಮ ಅಜ್ಜಿಯರ ಕಾಲದಲ್ಲಿ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಅನ್ನ ಮೀನುಸಾರು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಿದ್ದ ಸೀಮೆ ನಮ್ಮದು. ಈಗ? ಬೆಳಿಗ್ಗೆ ಬ್ರೆಡ್ಡು ಅಥವಾ ಸಜ್ಜಿಗೆ ಉಪ್ಪಿಟ್ಟು, ಶಾಲೆಯ ಡಬ್ಬಿಗೆ ಚಪಾತಿ, ಸಂಜೆ ಬೇಕರಿಯ ಪಫ್ಸ್, ರಾತ್ರಿ ಪರೋಟ. ಗಲ್ಫಿನಲ್ಲಿ ಬೆಳೆದು ಊರಿಗೆ ಬಂದ ಮಕ್ಕಳಿಗೆ ಖುಬ್ಬೂಸ್ ಇಲ್ಲದೆ ಊಟವೇ ಸೇರದು. ತಟ್ಟೆ ಬದಲಾಗಿದೆ. ಅನ್ನ ಉಣ್ಣುವವರಿಗೆ ಇದು ಬರುವುದಿಲ್ಲ ಎಂಬ ನಂಬಿಕೆ ಮಾತ್ರ ಬದಲಾಗಿಲ್ಲ.

ಮಧುಮೇಹದ ಜೊತೆ ಬರುವ ಸೀಲಿಯಾಕ್ ಸದ್ದು ಮಾಡುವುದಿಲ್ಲ. ಭೇದಿ ಇರಬೇಕೆಂದಿಲ್ಲ. ಕರುಳು ಆಹಾರವನ್ನು ಸರಿಯಾಗಿ ಹೀರದೆ ಸಕ್ಕರೆ ಹೇಳದೆ ಕೇಳದೆ ಇಳಿಯುವುದು, ಕಬ್ಬಿಣದ ಔಷಧಿಗೆ ಬಗ್ಗದ ರಕ್ತಹೀನತೆ, ಹೊಟ್ಟೆಯುಬ್ಬರ, ನಿಂತ ಎತ್ತರ, ತಡವಾದ ಪ್ರಾಯ ಇಷ್ಟೇ ಸುಳಿವು. ಕೆಲವರಲ್ಲಿ ಅದೂ ಇರದು.

ಇಲ್ಲಿ ಒಂದು ಎಚ್ಚರಿಕೆ. ಸಂಶಯ ಬಂದ ಕೂಡಲೇ ಮನೆಯಲ್ಲೇ ಗೋಧಿ ಬಿಡಿಸಬೇಡಿ. ಗೋಧಿ ತಿನ್ನುತ್ತಿರುವಾಗ ಮಾಡಿದರೆ ಮಾತ್ರ ಪರೀಕ್ಷೆ ಸರಿಯಾಗಿ ಹೇಳುತ್ತದೆ. ಮೊದಲು ರಕ್ತ ಪರೀಕ್ಷೆ, ವೈದ್ಯರು ಬೇಕೆಂದರೆ ಎಂಡೋಸ್ಕೋಪಿಯಿಂದ ಕರುಳಿನ ಚೂರು ತೆಗೆದು ಪರೀಕ್ಷೆ, ಆಮೇಲೆ ಪಥ್ಯ. ಪಥ್ಯ ಎಂದರೆ ಜೀವನಪೂರ್ತಿ: ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಇಲ್ಲ. ಶೀರ್ ಖುರ್ಮಾದ ಗೋಧಿ ಶ್ಯಾವಿಗೆಯೂ ಇಲ್ಲ, ಹಬ್ಬದ ಹೋಳಿಗೆಯೂ ಇಲ್ಲ. ಅಂಗಡಿಯ ಹಿಂಗಿನಲ್ಲೂ ಬಹಳ ಸಲ ಗೋಧಿಹಿಟ್ಟು ಬೆರೆತಿರುತ್ತದೆ, ಚೀಟಿ ಓದಿ ಕೊಳ್ಳಿ. ಆದರೆ ಈ ಪಥ್ಯ ಪಾಲಿಸಲು ನಮ್ಮ ಕರಾವಳಿಗಿಂತ ಸುಲಭದ ಊರು ಇನ್ನೊಂದಿಲ್ಲ. ಗಂಜಿ, ನೀರುದೋಸೆ, ಇಡ್ಲಿ, ಅಕ್ಕಿರೊಟ್ಟಿ, ರಾಗಿ, ಮೀನು, ತೆಂಗು, ಬಾಳೆ ಎಲ್ಲವೂ ಸಲ್ಲುತ್ತವೆ. ಮೀನು ಹುರಿಯುವಾಗ ರವೆಯ ಬದಲು ಅಕ್ಕಿಹಿಟ್ಟು ಹಚ್ಚಿದರಾಯಿತು. ಬಿರಿಯಾನಿಗಂತೂ ಅಡ್ಡಿಯೇ ಇಲ್ಲ, ಮಧುಮೇಹವೂ ಇದ್ದರೆ ಅನ್ನದ ಅಳತೆಗೆ ತಕ್ಕ ಇನ್ಸುಲಿನ್ ಬೇಕು, ಅಷ್ಟೇ.

ಏನು ಕೇಳಬೇಕು, ಏನು ನೋಡಬೇಕು

ಕಾಗದದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿಕೊಳ್ಳಬಹುದಾದಷ್ಟು ಮಾತ್ರ ಹೇಳುತ್ತೇನೆ.

1. ಮಗುವಿಗೆ ಒಂದನೇ ವಿಧದ ಮಧುಮೇಹ ಎಂದು ತಿಳಿದಾಗಲೇ ಥೈರಾಯ್ಡ್ ಮತ್ತು ಸೀಲಿಯಾಕ್ ರಕ್ತ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ವಿನಯದಿಂದ ಕೇಳಿ. ತೊಂದರೆ ಕಾಣದಿದ್ದರೂ ಥೈರಾಯ್ಡನ್ನು ಎರಡು ವರ್ಷಕ್ಕೊಮ್ಮೆ, ಸೀಲಿಯಾಕ್ ಅನ್ನು ಎರಡನೇ ಮತ್ತು ಐದನೇ ವರ್ಷದಲ್ಲಿ ಮತ್ತೆ ನೋಡುವುದು ಜಗತ್ತಿನ ತಜ್ಞರು ಒಪ್ಪಿದ ಕ್ರಮ.

2. ಸಕ್ಕರೆ ಕಾರಣವಿಲ್ಲದೆ ಪದೇ ಪದೇ ಇಳಿದರೆ ಮಗುವನ್ನು ಗದರಿಸಬೇಡಿ. ಸೀಲಿಯಾಕ್, ಥೈರಾಯ್ಡ್, ಅಡಿಸನ್ ಮೂರರಲ್ಲಿ ಯಾವುದಾದರೂ ಇರಬಹುದು. ಜೊತೆಗೆ ಮೈ ಕಪ್ಪಾಗುವುದು, ಉಪ್ಪಿನ ಬಯಕೆ, ತಲೆಸುತ್ತು, ವಾಂತಿ ಇದ್ದರೆ ಅಡಿಸನ್ ಬಗ್ಗೆ ತಡಮಾಡದೆ ಕೇಳಿ.

3. ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು, ಒಣ ಚರ್ಮ, ಓದಿನಲ್ಲಿ ಹಿಂದೆ ಬೀಳುವುದು, ಎತ್ತರ ನಿಲ್ಲುವುದು ಇವು ಥೈರಾಯ್ಡ್ ಸೊರಗಿದ ಗುರುತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಒಂದು ಸಣ್ಣ ಮಾತ್ರೆಯಿಂದ ಇದು ಸರಿಹೋಗುತ್ತದೆ.

4. ಕೀಲುಬಾವು ಇರುವ ಮಗುವಿನ ಕಣ್ಣನ್ನು ನೇತ್ರತಜ್ಞರಿಗೆ ಕಾಲಕಾಲಕ್ಕೆ ತೋರಿಸಿ. ಈ ಮಕ್ಕಳಲ್ಲಿ ಕಣ್ಣು ಕೆಂಪಾಗದೆ, ನೋಯದೆ ಒಳಗೊಳಗೇ ಉರಿಯೂತ ಬಂದು ದೃಷ್ಟಿಗೆ ಕುತ್ತು ತರಬಹುದು.

5. ಒಡಹುಟ್ಟಿದವರನ್ನು ಮರೆಯಬೇಡಿ. ಒಬ್ಬರಿಗೆ ಸೀಲಿಯಾಕ್ ಇದ್ದರೆ ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಪರೀಕ್ಷೆ ಬೇಕು.

6. ಸಕ್ಕರೆ ಇಳಿದಾಗ ಮೊದಲು ಕೊಡಬೇಕಾದದ್ದು ಬಿಸ್ಕತ್ತಲ್ಲ. ಬೇಗ ಕರಗುವ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ.

ಉಪವಾಸದ ಬಗ್ಗೆಯೂ ಒಂದು ಮಾತು. ರಂಜಾನ್ ಬಂತೆಂದರೆ ಹುರುಪಿನ ಮಕ್ಕಳು ತಾವೂ ರೋಜಾ ಇಡುತ್ತೇವೆ ಎನ್ನುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ಅದನ್ನು ಎಷ್ಟೋ ಬಾರಿ ಕಂಡಿದ್ದೇನೆ. ಇನ್ಸುಲಿನ್ ಮೇಲಿರುವ ಮಗುವಿಗೆ ದಿನವಿಡೀ ಹಸಿದಿರುವುದು ಅಪಾಯ. ರೋಗಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ವೈದ್ಯರನ್ನೂ ಉಲೇಮಾಗಳನ್ನೂ ಕೇಳಿ ನಡೆಯಿರಿ. ನಮ್ಮ ಮನೆಗಳ ಏಕಾದಶಿಗೂ ಇದೇ ಮಾತು. ಯಾವ ಉಪವಾಸಕ್ಕೂ ಇನ್ಸುಲಿನ್ ನಿಲ್ಲಿಸಬಾರದು.

ದೂರದ ಆಸ್ಪತ್ರೆ, ಹತ್ತಿರದ ಶಾಲೆ

ನಮ್ಮ ಜಿಲ್ಲೆಯ ಕಷ್ಟ ನಿಮಗೆ ಹೇಳಬೇಕಾಗಿಲ್ಲ. ಮಕ್ಕಳ ಗ್ರಂಥಿರೋಗದ ತಜ್ಞರು ಬೇಕೆಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಯ ಕಡೆ ನೋಡುತ್ತೇವೆ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್, ಕುಮಟಾದಿಂದ ಇನ್ನೂ 60 ಹೆಚ್ಚು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತದ್ದನ್ನು ನಾವು ಮರೆತಿಲ್ಲ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಅಂದು ಇನ್ನೂ ಜೋರಾಯಿತು.

ಆ ಕೂಗಿಗೆ ನನ್ನ ದನಿಯೂ ಇದೆ. ಆದರೆ ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ಎರಡನೇ ಕಾಯಿಲೆಯನ್ನು ಮೊದಲು ಸಂಶಯಿಸಲು ದೊಡ್ಡ ಆಸ್ಪತ್ರೆ ಬೇಕಿಲ್ಲ. ಬೇಕಾದದ್ದು ಗೋಡೆಗೆ ಅಂಟಿಸಿದ ಒಂದು ಅಳತೆಪಟ್ಟಿ ಮತ್ತು ನೋಡುವ ಕಣ್ಣು. ರಕ್ತದ ಮಾದರಿಯನ್ನು ಊರಿನಲ್ಲೇ ಕೊಡಬಹುದು, ಪ್ರಯಾಣ ಮಾಡುವುದು ಮಾದರಿ, ಮಗುವಲ್ಲ.

ಶಿಕ್ಷಕ ಬಂಧುಗಳೇ, ಜೂನ್‌ನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಪ್ರತಿ ಮಗುವಿನ ಎತ್ತರ ತೂಕ ಅಳೆಯಿರಿ. ಬರೆದ ಮೇಲೆ ಹಿಂದಿನ ಅಂಕಿಯನ್ನು ನೋಡಿರಿ. ವರ್ಷಕ್ಕೆ ನಾಲ್ಕು ಸೆಂಟಿಮೀಟರ್ ಬೆಳೆಯದ ಮಗುವಿನ ಪಾಲಕರಿಗೆ ಒಂದು ಚೀಟಿ ಕಳಿಸಿರಿ. ಮಧುಮೇಹವಿರುವ ಮಗು ತರಗತಿಯ ನಡುವೆ ನೀರಿಗೆ, ಶೌಚಕ್ಕೆ ಎದ್ದರೆ ತಡೆಯಬೇಡಿರಿ. ಗ್ಲೂಕೋಸ್ ಬಾಯಿಗೆ ಹಾಕಿಕೊಂಡರೆ ಗದರಿಸಬೇಡಿರಿ. ಶಾಲೆಯಲ್ಲಿ ಹಬ್ಬದ ಸಿಹಿ ಹಂಚುವಾಗ ಗೋಧಿ ತಿನ್ನಬಾರದ ಮಗುವಿಗೆ ಒಂದು ಬಾಳೆಹಣ್ಣು ತೆಗೆದಿಡಿರಿ. ಅದು ಆ ಮಗುವಿಗೆ ಮದ್ದಿಗಿಂತ ದೊಡ್ಡದು.

ನನ್ನ ಮೊಮ್ಮಗಳ ಮಾತಿಗೆ ಮರಳಿ ಮುಗಿಸುತ್ತೇನೆ. ಗೋಧಿ ಬಿಟ್ಟ ಕೆಲವು ತಿಂಗಳಲ್ಲಿ ಸಕ್ಕರೆ ಕುಸಿಯುವುದು ಬಹಳ ಮಟ್ಟಿಗೆ ತಪ್ಪಿತು. ರಕ್ತ ಏರಿತು. ಮುಂದಿನ ವರ್ಷ ಆರು ಸೆಂಟಿಮೀಟರ್ ಬೆಳೆದಳು. ಇಂದು ಪಿಯುಸಿ ಓದುತ್ತಿದ್ದಾಳೆ. ತನ್ನ ಇನ್ಸುಲಿನ್ ತಾನೇ ಲೆಕ್ಕ ಹಾಕುತ್ತಾಳೆ, ಪೊಟ್ಟಣದ ಚೀಟಿ ನನಗೇ ಓದಿ ಹೇಳುತ್ತಾಳೆ. ಒಂದು ದಿನ ಅವಳ ಬಳಿ ಕ್ಷಮೆ ಕೇಳಿದೆ. 'ಊಟ ಚೆಲ್ಲುತ್ತೀಯಾ ಎಂದು ಗದರಿಸಿದ್ದೆನಲ್ಲ ಮಗಾ, ನೀನು ಸುಳ್ಳು ಹೇಳಿರಲಿಲ್ಲ' ಎಂದೆ. ಅವಳು ನಕ್ಕು, 'ಬಿಡು ಅಜ್ಜಾ, ಈಗ ನಾನು ನಿನಗಿಂತ ಎತ್ತರ' ಎಂದಳು.

ಪಾಲಕರೇ, ಮಗು ತನ್ನ ಮೈಯ ಬಗ್ಗೆ ಹೇಳುವ ಮಾತನ್ನು ನಂಬಿರಿ. ಒಂದು ಕಾಯಿಲೆಯ ಹೆಸರು ಸಿಕ್ಕಿತೆಂದು ನೋಡುವುದನ್ನು ನಿಲ್ಲಿಸಬೇಡಿರಿ.  ನಿಮ್ಮ ಮಕ್ಕಳೆಲ್ಲ ಆರೋಗ್ಯವಾಗಿ ಬೆಳೆಯಲಿ.